ಯಾರು ಕಳಿಸಿದ್ದು?

"ಯಾರು ಕಳಿಸಿದ್ದು ನಿಮ್ಮನ್ನ?" ವಕೀಲ ಮರುಳಸಿದ್ದಯ್ಯ ಎರಡನೇ ಸಲ ಕೇಳಿದ.

"ಯಾರೂ ಕಳ್ಸಿಲ್ಲ ಸ್ವಾಮಿ. ನಾನೇ ಬಂದೆ," ಎಂದಳು ಹನುಮಂತಮ್ಮ.

ಮಾಯಸಂದ್ರದ ಕಡೆಯವಳು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲರನ್ನು ಸೇರಿಸಿ ಮಾತಾಡಿದ್ದಕ್ಕೆ ಹೋದ ವಾರ ಅವಳ ಗಂಡ ಉಗ್ರಪ್ಪನನ್ನು ಪೊಲೀಸರು ಜೀಪಿಗೆ ಹತ್ತಿಸಿಕೊಂಡು ಹೋಗಿದ್ದರು. ತುರ್ತು ಪರಿಸ್ಥಿತಿ. ಯಾವ ಠಾಣೆಯೂ ಅವನು ತನ್ನಲ್ಲಿದ್ದಾನೆಂದು ಒಪ್ಪುತ್ತಿರಲಿಲ್ಲ. ಹೈಕೋರ್ಟಿನಲ್ಲಿ ಯಾರಾದರೂ ಅರ್ಜಿ ಹಾಕದಿದ್ದರೆ ಅವನನ್ನು ಏನು ಮಾಡಿದರೂ ನಡೆದುಹೋಗುತ್ತಿತ್ತು.

ಅಂಥ ಅರ್ಜಿ ಹಾಕುವುದೇ ಮರುಳಸಿದ್ದಯ್ಯನ ಕೆಲಸ. ನಾಗರಿಕ ಹಕ್ಕುಗಳ ಬಗ್ಗೆ ಊರೂರಲ್ಲಿ ಭಾಷಣ ಬಿಗಿದವನು. ಈಗ ಅವನ ಕಣ್ಣು ಅವಳ ತುರುಬಿನ ಮೇಲಿತ್ತು. ತುಂಬು ಕನಕಾಂಬರ, ಹಣೆಯಲ್ಲಿ ಕಾಸಗಲ ಕುಂಕುಮ. ಗಂಡ ಲಾಕಪ್ಪಿನಲ್ಲಿದ್ದರೆ ಹೆಂಗಸು ಹೀಗೆ ಸಿಂಗರಿಸಿಕೊಂಡು ಬರುತ್ತಾಳೆಯೇ? ನೆಟ್ಟಗೆ ವೇಷ ಹಾಕಿಸಲೂ ಬಾರದ ಪೊಲೀಸರು ಎಂದು ಒಳಗೊಳಗೇ ನಕ್ಕ.

"ನೋಡೋಣ. ಸೋಮವಾರ ಬನ್ನಿ."

"ಅಷ್ಟೊತ್ಗೆ ಇರ್ತಾರಾ ಅವ್ರು?"

ಅವನು ಯಾವುದೋ ಫೈಲು ತೆರೆದು ಓದುವವನಂತೆ ಕೂತ.

ಕೋರ್ಟಿನ ಕ್ಯಾಂಟೀನಿನಲ್ಲಿ ಜೊತೆಯ ವಕೀಲ ನಂಜುಂಡಪ್ಪನಿಗೆ, ತಾನೆಷ್ಟು ಚುರುಕೆಂದು ತಿಳಿಯಲಿ ಎಂದೇ ಹೇಳಿದ: "ಉಗ್ರಪ್ಪನ ಹೆಂಡ್ತಿ ಅಂತ ಪೊಲೀಸರು ಒಬ್ಬಳನ್ನ ನನ್ನ ಮನೆಗೇ ಬಿಟ್ಟಿದ್ದಾರೆ ಕಣಯ್ಯ."

ನಂಜುಂಡಪ್ಪ ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತಾಗ ಅದೇ ಮಾತನ್ನು ಹೆಂಡತಿ ಗೌರಮ್ಮನಿಗೂ ಹೇಳಿದ. ಅವಳು ನಗಲಿಲ್ಲ.

"ಹೂವಿಲ್ದೆ, ಬೋಳು ಹಣೇಲಿ ಬಂದಿದ್ರೆ ಉಗ್ರಪ್ಪ ಸತ್ತ ಅಂತ ಊರೇ ಅಂದ್ಬಿಡ್ತಿತ್ತು ಕಣ್ರೀ. ಅದಕ್ಕೇ ಹೂವು ಮುಡ್ಕೊಂಡವ್ಳೆ. ಅಷ್ಟೂ ತಿಳೀಲಿಲ್ವಾ ನಿಮ್ಗೆ?"

ಅವನು ಮುದ್ದೆ ಬಿಟ್ಟು ಕೈ ತೊಳೆದ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ವಕಾಲತ್ತಿಗೆ ಅವಳದೊಂದು ಹೆಬ್ಬೆಟ್ಟು ಬಿದ್ದರೆ ಇವತ್ತೇ ಬೆಂಗಳೂರಿನ ರೈಲು ಹತ್ತಿಬಿಡುವುದೆಂದು ಕಾಗದ ಜೇಬಿಗಿಟ್ಟುಕೊಂಡು ಅವಳ ಊರಿನ ಬಸ್ಸು ಹಿಡಿದ.

ಹನುಮಂತಮ್ಮ ಬಾಗಿಲನ್ನು ಪೂರ್ತಿ ತೆಗೆಯಲಿಲ್ಲ.

"ಮದ್ಯಾನ ಜೀಪ್ ಬಂದಿತ್ತು. ವಕೀಲ್ರ ಮನೆಗ್ಯಾಕೆ ಹೋಗಿದ್ದೆ ಅಂತ ಕೇಳುದ್ರು. ನಾನು ಬಂದಿದ್ದು ನಿಮ್ಮುನ್ ಬುಟ್ರೆ ಯಾರ್ಗ್ ಗೊತ್ತಿತ್ತು?"

"ನಾನಲ್ಲಮ್ಮ..." ಎಂದವನಿಗೆ ಕ್ಯಾಂಟೀನಿನಲ್ಲಿ ಕಾಫಿ ಬಿಟ್ಟು ಎದ್ದುಹೋದ ನಂಜುಂಡಪ್ಪ ನೆನಪಾದ. ಜೇಬಿನಿಂದ ಕಾಗದ ತೆಗೆದ. "ಇಲ್ಲೊಂದು ಹೆಬ್ಬೆಟ್ಟು ಒತ್ತಿ. ಅವನನ್ನ ಬಿಡಿಸೋಕೆ ನೋಡ್ತೀನಿ."

"ಯಾರ್ನ? ಇಲ್ಯಾರೂ ಇಲ್ಲ," ಎಂದು ಬಾಗಿಲು ಹಾಕಿ ಅಗುಳಿ ಜಡಿದಳು.

ಪಕ್ಕದ ಮನೆಯ ಮುದುಕ ಕೆಂಚಪ್ಪ ಜಗಲಿಯಿಂದ ಇಳಿದು ಬಂದ. "ಯಾರು ಬೇಕಾಗಿತ್ತು? ನೀವ್ಯಾರು?"

ಹೆಸರು ನಾಲಿಗೆಯ ತುದಿಗೆ ಬಂತು. ಬೀದಿಯ ಆ ಕೊನೆಯಲ್ಲಿ ಯಾವುದೋ ಗಾಡಿ ನಿಂತ ಸದ್ದಾಯಿತು.

"ಕೊಬ್ಬರಿ ವ್ಯಾಪಾರ," ಎಂದ.

ಮುದುಕನ ಮುಖ ಅರಳಿತು. ಒಳಕ್ಕೆ ಕರೆದು, ವರ್ಷದಿಂದ ಅಟ್ಟದ ಕತ್ತಲಲ್ಲಿ ಒಣಗುತ್ತಿದ್ದ ಕಾಯೊಂದನ್ನು ಇಳಿಸಿ ಅವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಮುಚ್ಚಿದ ಕರಟದೊಳಗೆ ಬಿಟ್ಟುಕೊಂಡ ಕೊಬ್ಬರಿ ಒಂದೇ ಸಮ ಬಡಿಯುತ್ತಿತ್ತು.

"ಪೂರಾ ಒಣಗೈತೆ. ಕೇಳುಸ್ತಾ?"

"ಇಲ್ಲ," ಎಂದ ಮರುಳಸಿದ್ದಯ್ಯ.

ಕೆಂಚಪ್ಪ ಇನ್ನೂ ಜೋರಾಗಿ ಅಲ್ಲಾಡಿಸಿದ.