ಮಲಗಿದವನ ಚೌಕ

ಸತ್ತವನ ಕಣ್ಣು ಮುಚ್ಚಿರಬೇಕೆ, ಅರೆ ತೆರೆದಿರಬೇಕೆ? ಮುಚ್ಚಿದರೆ ನಿದ್ದೆ ಅನ್ನಿಸುತ್ತದೆ. ತೆರೆದರೆ ಯಾರನ್ನೋ ನೋಡುತ್ತಿದ್ದಾನೆ ಅನ್ನಿಸುತ್ತದೆ. ಯಾರನ್ನು? ಭೋಜನ್ ಪೆನ್ಸಿಲನ್ನು ಚೌಕದ ಮೇಲೆ ಹಿಡಿದು ಹಾಗೇ ಕೂತಿದ್ದ.

ಬರೆದು ಮುಗಿದ ಚೌಕಗಳು ಗುಡಾರದ ಬಟ್ಟೆಗೆ ಚುಚ್ಚಿಸಿಕೊಂಡು ಗಾಳಿಗೆ ಅಲುಗುತ್ತಿದ್ದವು. ಮದರಾಸಿನ ಪಿಕ್ಚರ್ ಕಂಪನಿ ನೀಲಗಿರಿಯ ಕೋತಗಿರಿಯ ಇಳಿಜಾರಿನಲ್ಲಿ ಬಿಡಾರ ಹೂಡಿತ್ತು. ಡೈರೆಕ್ಟರ್ ಜಯರಾಮನ್‌ನದು ಒಂದೇ ಹಟ. ಕ್ಯಾಮರಾ ತಿರುಗುವ ಮೊದಲು ಪ್ರತಿ ನೋಟವೂ ಕಾಗದದ ಮೇಲೆ ಒಂದೊಂದು ಚೌಕವಾಗಿ ಬರಬೇಕು: ಯಾರು ಎಲ್ಲಿ ನಿಲ್ಲುತ್ತಾರೆ, ಆಕಾಶ ಎಷ್ಟು, ನೆಲ ಎಷ್ಟು. ಬಿ.ಎ. ಮುಗಿಸಿ ತನ್ನ ಬಡಗರ ಹಟ್ಟಿಗೆ ಮರಳಿ, ಯಾರೊಂದಿಗೂ ಮಾತು ಬೆಳೆಸದೆ ದಿನ ತಳ್ಳುತ್ತಿದ್ದ ಭೋಜನ್‌ಗೆ ಚಿತ್ರ ಬರೆಯಲು ಬರುತ್ತಿತ್ತು. ಚೌಕಗಳು ಒಪ್ಪಿಗೆಯಾದರೆ ಕಂಪನಿಯೊಂದಿಗೆ ಮದರಾಸಿಗೆ. ಹಟ್ಟಿಯಿಂದ ಬಿಡುಗಡೆ.

ಮನೆಯಲ್ಲಿ ಅವನ ಜೊತೆಗಿದ್ದ ಒಬ್ಬಳೇ, ಅವ್ವೆ ಮಾದಿ, ಒಮ್ಮೆ ಬಂದು ಚೌಕಗಳನ್ನು ನೋಡಿದ್ದಳು. "ಮನೆ ಎಲ್ಲಿ ಮಗಾ? ಬರೀ ಜನ್ನಲು ಬರೆದಿದ್ದಿ," ಎಂದು ಆ ಕಿಟಕಿಗಳನ್ನು ನೋಡಿ ನಕ್ಕಿದ್ದಳು. ಅವನು ನಕ್ಕಿರಲಿಲ್ಲ.

ಪಿಕ್ಚರಿನ ಕೊನೆಗೆ ಒಬ್ಬ ಗೌಡನ ಸಾವು. ಅದು ಬಡಗರ ಸಾವಿನ ಹಾಗೇ ಇರಬೇಕು. ಗುಡಿಕಟ್ಟು ಎಂಬ ಶವಮಂಟಪದ ಬಣ್ಣದ ಬಟ್ಟೆಗಳ ಕೆಳಗೆ ಹೆಣ. ಎದುರಿಗೆ ನಿಂತ ಹಿರಿಯ ಸತ್ತವನ ಪಾಪಗಳನ್ನು ಒಂದೊಂದಾಗಿ ಕೂಗುತ್ತಾನೆ. ಹಟ್ಟಿಯೆಲ್ಲ 'ಪಾಪ' ಎಂದು ಓಗೊಡುತ್ತದೆ. ಪಾಪವೆಲ್ಲ ಒಂದು ಕರುವಿನ ಮೇಲೇರಿ ಹೊರಟುಹೋಗುತ್ತದೆ. ಕರು ಬಿಡುವುದು ಅಜ್ಜನ ಕಾಲಕ್ಕೇ ನಿಂತು ಬರೀ ಮಾತು ಉಳಿದಿತ್ತು. ಭೋಜನ್ ಆ ಕರುವನ್ನು ಕಂಡವನೇ ಅಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪುಸ್ತಕವೊಂದರಲ್ಲಿ ಓದಿದ್ದನ್ನು ಚೌಕದೊಳಗೆ ತಂದು ನಿಲ್ಲಿಸಿದ್ದ. ಜಯರಾಮನ್ ಅದನ್ನು ನೋಡಿ ಅವನ ಬೆನ್ನು ತಟ್ಟಿದ್ದ.

ಪಾಪ ಕೂಗಲು ಅವನ ದೊಡ್ಡಪ್ಪ, ಹಾಲ ಎಂಬ ಮುದುಕ, ಒಪ್ಪಿದ್ದ, ಒಂದು ಮಾತು ಮೊದಲೇ ಹೇಳಿ: "ಹೆಸರಿನ ಸಾಲಿನಲ್ಲಿ ಎನ್ನ ಬಾಯಿ ಸುಳ್ಳಾಡದು. ಮಲಗಿದವ ಯಾರೋ ಅವನ ಹೆಸರೇ ಬಪ್ಪದು."

ಗೌಡನ ವೇಷದ ನಟ ಮಹಾಲಿಂಗಂ ಇದನ್ನು ಕೇಳಿದ್ದೇ ತಡ, ತಲೆನೋವೆಂದು ಕಂಬಳಿ ಹೊದ್ದು ಗುಡಾರ ಸೇರಿದ. ಜಯರಾಮನ್ ಭೋಜನ್‌ನತ್ತ ತಿರುಗಿದ. ಇವತ್ತು ಬರೀ ತಾಲೀಮು, ಚೌಕಗಳು ಸರಿಯಿವೆಯೋ ನೋಡುವುದಕ್ಕೆ, ಕ್ಯಾಮರಾದಲ್ಲಿ ಫಿಲಮ್ಮೂ ಇಲ್ಲ, ನೀನೇ ಮಲಗು ಎಂದ. ಇಷ್ಟು ಓದಿದ ನಿನಗೂ ಭಯವೇ ಎಂದು ತಮಿಳಿನಲ್ಲಿ ಕೆಣಕಿದ.

ಭಯವೇನೂ ಇಲ್ಲ ಎಂದು ಭೋಜನ್ ಹೆಣದ ಮಂಚವೇರಿದ; ತಾಲೀಮಿಗೆ ಗುಡಿಕಟ್ಟು ಇನ್ನೂ ಕಟ್ಟಿರಲಿಲ್ಲ. ಹಾಲ ತಲೆಯ ಬಟ್ಟೆ ಬಿಗಿದುಕೊಂಡ. ಹಟ್ಟಿಯವರು ಸುತ್ತ ನೆರೆದರು. "ಓದಿದ ಹೆಣ, ಮೆಲ್ಲ ಎತ್ತಿ," ಎಂದಳು ಹಿಂದಿನಿಂದ ಒಬ್ಬಳು. ನಗು ಹರಿಯಿತು.

ಮಲಗಿದ ಮೇಲೆ ಅವನಿಗೆ ಮೊದಲು ತಿಳಿದದ್ದು ಇಷ್ಟು: ತಾನು ಬರೆದ ಎಲ್ಲ ಚೌಕಗಳೂ ನಿಂತವರ ಕಣ್ಣಿನವು. ಇಲ್ಲಿಂದ ಕಾಣುವುದು ಯಾವ ಚೌಕದಲ್ಲೂ ಇರಲಿಲ್ಲ. ಬಾಗಿದ ಮುಖಗಳು ಬೆಟ್ಟದ ಹಾಗೆ ಸುತ್ತುಗಟ್ಟಿದ್ದವು. ಅವುಗಳ ನಡುವೆ ಆಕಾಶ, ಅಂಚೇ ಇಲ್ಲದ್ದು.

ಹಾಲನ ದನಿ ಎದ್ದಿತು. ತನ್ನ ಮನೆಯ ಜಗಲಿಯಲ್ಲಿ ಸದಾ ಕೆಮ್ಮುವ ಮುದುಕನ ದನಿಯಲ್ಲ ಅದು. ನೆಲದೊಳಗಿಂದ ಬಂದು ಮಂಚದ ಕಾಲು ಹಿಡಿದು ಮೇಲೇರಿತು.

"ಬಂದವನಿಗೆ ಒಲೆಯ ಬೆಂಕಿ ಮರೆಮಾಡಿದ್ದು."

"ಪಾಪ."

"ಹರಿವ ನೀರಿಗೆ ಉಗುಳಿದ್ದು."

"ಪಾಪ."

"ಕಾಣದ್ದನ್ನು ಕಂಡೆ ಎಂದದ್ದು."

"ಪಾಪ."

ನಗು ಯಾವಾಗಲೋ ನಿಂತಿತ್ತು. ಅಜ್ಜನ ಪಾಪ, ಅಜ್ಜನ ಅಜ್ಜನದು, ಹೆಸರು ಅಳಿದವರದು, ಎಲ್ಲವನ್ನೂ ಮುದುಕ ಕರೆಯುತ್ತಿದ್ದ, ಎಲ್ಲರೂ ಒಪ್ಪುತ್ತಿದ್ದರು. ಯಾರ ದನಿಯಲ್ಲೂ ಸಿಟ್ಟಿರಲಿಲ್ಲ. ಈ ಜನರ ನಡುವೆ ಅವನು ಒರಟು ಬಟ್ಟೆ ಉಟ್ಟವನಂತೆ ಮೈ ಮುದುರಿ ಬದುಕಿದ್ದ. ಇವರು ಅವನನ್ನು ಇಷ್ಟು ಪೂರ್ತಿಯಾಗಿ ಎಂದೂ ನೋಡಿರಲಿಲ್ಲ. ಅವನೂ ನೋಡಲು ಬಿಟ್ಟಿರಲಿಲ್ಲ.

ಹೆಸರಿನ ಸಾಲು ಬಂತು. ಹಾಲ ತಡೆದ. ಮುಖ ಬಗ್ಗಿಸಿ ಭೋಜನ್‌ನ ತೆರೆದ ಕಣ್ಣನ್ನೇ ನೋಡಿದ, ಕಾಯುತ್ತಿದ್ದಾನೆ ಅನ್ನಿಸಿತು. ತಡೆಯಲು ತನ್ನ ಒಂದು ಕೆಮ್ಮು ಸಾಕಿತ್ತು, ಒಂದು ನಗು. ಆದರೆ ತಾನು ಅಲುಗಿದರೆ ಇದೆಲ್ಲ ನಿಂತುಹೋಗುತ್ತದೆ, ಮತ್ತೆ ಬರೀ ಗುಡಾರ, ಬರೀ ಕಾಗದ.

"ನಂಜುಂಡನ ಮಗ ಭೋಜ ಸತ್ತ. ಅವನ ಪಾಪ ಕರುವಿನ ಮೇಲೆ."

"ಕರುವಿನ ಮೇಲೆ," ಎಂದಿತು ಹಟ್ಟಿ. ಅದರಲ್ಲಿ ಅವ್ವೆಯ ದನಿಯನ್ನು ಅವನು ಗುರುತಿಸಿದ. ಅವಳು ಅಳುತ್ತಿದ್ದಳು. ಎರವಲು ತಂದ ಕರುವಿನ ಹಗ್ಗ ಬಿಚ್ಚಿದರು. ಅದು ಇಳಿಜಾರು ಹತ್ತಿ ಓಡಿತು.

ಜಯರಾಮನ್ ಚಪ್ಪಾಳೆ ತಟ್ಟಿದ. ನಾಳೆಯೂ ಹೀಗೇ, ಕೂದಲಷ್ಟೂ ಬದಲಾಗಬಾರದು ಎಂದ. ಇವನನ್ನೇ ಮಲಗಿಸೋಣ ಎಂದ.

ಹಾಲ ತಲೆಯ ಬಟ್ಟೆ ಕೊಡವಿಕೊಂಡ. "ನಾಳೆಗೆ ಬೇರೆಯವ ಬೇಕು, ಸ್ವಾಮಿ. ಇವನದ್ದು ಆತು."

ಹಟ್ಟಿಯವರು ತೊರೆಯಲ್ಲಿ ಕೈಕಾಲು ತೊಳೆದು ಸಾಲಾಗಿ ಮನೆಗೆ ಹೊರಟರು. ಸಾವಿಗೆ ಹೋಗಿ ಮರಳುವವರು ಹಿಂದಿರುಗಿ ನೋಡುವುದಿಲ್ಲ. ಅವರೂ ನೋಡಲಿಲ್ಲ. ಭೋಜನ್ ಹಿಂದೆ ನಡೆದ. ತನಗೆ ಇದರಲ್ಲಿ ನಂಬಿಕೆಯಿಲ್ಲ ಎಂದು ದಾರಿಯುದ್ದಕ್ಕೂ ನೆನಪಿಸಿಕೊಂಡ. ನಂಬಿಕೆ ಯಾರೂ ಕೇಳಿರಲಿಲ್ಲ.

ಮನೆಯ ಬಾಗಿಲು ತೆರೆದೇ ಇತ್ತು. ಅವ್ವೆ ಒಲೆಯ ಮುಂದೆ ಬೆನ್ನು ಮಾಡಿ ಕೂತು, ಒಬ್ಬಳಿಗಾಗುವಷ್ಟು ಹಿಟ್ಟು ತಿರುವುತ್ತಿದ್ದಳು. ಅವನ ನೆರಳು ಅವಳ ಮೇಲೆ ಬಿತ್ತು. ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ತಿರುವತೊಡಗಿತು.

ಅವನು ಬಾಗಿಲ ಚೌಕಟ್ಟಿನಲ್ಲಿ ನಿಂತ. ಮೇಲಿನ ದಿಬ್ಬದಲ್ಲಿ, ಇಳಿಯುವ ಮಂಜಿನ ಅಂಚಿಗೆ, ಆ ಕರು ನಿಂತಿತ್ತು. ಹೊಡೆದುಕೊಂಡು ಬರಲು ಯಾರೂ ಹೋಗಿರಲಿಲ್ಲ. ಅದೊಂದೇ ಅವನನ್ನು ನೋಡುತ್ತಿತ್ತು.

ನಾನು ಸತ್ತಿಲ್ಲ ಎಂದು ಭೋಜನ್ ಆಗಲೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.