ಸೊಪ್ಪು ಚುಚ್ಚಿದ ಮೂಲೆ

ಸೋಣ ತಿಂಗಳ ಮಳೆಗೆ ಹಿಂದಿನ ಆಟಿ ತಿಂಗಳ ಹಟ ಇರುವುದಿಲ್ಲ. ಸ್ವಲ್ಪ ಸುರಿದು, ಬಿಸಿಲಿಗೆ ದಾರಿ ಬಿಟ್ಟು, ಮರೆತದ್ದನ್ನು ನೆನೆಸಿಕೊಂಡವರಂತೆ ಮತ್ತೆ ಬರುತ್ತದೆ. ಮಡಂತ್ಯಾರಿನಿಂದ ಒಳಗಿನ ಬಯಲಿನಲ್ಲಿ ಕಳೆ ಕೀಳುವ ಕೆಲಸ ಮುಗಿಯುತ್ತ ಬಂದಿತ್ತು. ಬೇಗ ನೆಟ್ಟವರ ಗದ್ದೆಯಲ್ಲಿ ತೆನೆ ಬಾಗಿತ್ತು. ತಡವಾಗಿ ನೆಟ್ಟವರದ್ದು ಇನ್ನೂ ಹೊರಗೆ ಬಂದಿರಲಿಲ್ಲ.

ಲಿಗೋರಿ ಪಿಂಟೊ ತಡವಾಗಿ ನೆಟ್ಟವನು. ಬೇರೆ ವರ್ಷವಾದರೆ ಚಿಂತೆಯಿರಲಿಲ್ಲ. ಆದರೆ ಈ ವರ್ಷ ಅವನು ಹೊಸದಾಗಿ ಇಗರ್ಜಿಯ ವಾಡೆಯ ಗುರ್ಕಾರ, ಅಂದರೆ ಆ ಭಾಗದ ಮನೆಗಳ ಮುಂದಾಳು, ಆಗಿದ್ದ. ದೇವಮಾತೆಯ ಮೊಂತಿ ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿ ಮನೆಮನೆಗೆ ಹಂಚುವ ಹೊಸ ತೆನೆಯನ್ನು ತರುವ ಪಾಳಿ ಅವನದಾಗಿತ್ತು.

"ಅದಕ್ಕೇನು, ನನ್ನ ಮೂಡು ಬದಿಯ ಗದ್ದೆಯಿಂದ ಕೊಯ್ದುಕೋ," ಎಂದಿದ್ದ ಮುಂಡಪ್ಪ ಶೆಟ್ಟಿ, ಹಬ್ಬದ ಹಿಂದಿನ ದಿನ ಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುತ್ತ. "ನಿಮ್ಮ ಮಾತೆಗೆ ಶೆಟ್ಟಿಯ ಭತ್ತ ಆಗ್ತದಲ್ಲ?"

"ಮಾತೆಗೆ ಆಗ್ತದೆ. ನಿನ್ನ ಗದ್ದೆಯಲ್ಲಿ ಜೊಳ್ಳು ಎಷ್ಟು ಉಂಟೋ, ಅದು ನೋಡಬೇಕು," ಎಂದಿದ್ದ ಲಿಗೋರಿ.

ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತವರು. ಇಂಥ ಮಾತಿನಿಂದಲೇ ಅವರ ದಿನ ನಡೆಯುತ್ತಿತ್ತು.

ಹಬ್ಬದ ಬೆಳಗ್ಗೆ ಲಿಗೋರಿ ಕುತ್ತಿಗೆಗೆ ಕೊಡೆ ಸಿಕ್ಕಿಸಿಕೊಂಡು ಮುಂಡಪ್ಪನ ಗದ್ದೆಗೆ ಇಳಿದ. ಒಂದು ಮೂಲೆಯಲ್ಲಿ ಮಾವಿನ ಸೊಪ್ಪಿನ ಗೆಲ್ಲೊಂದನ್ನು ಯಾರೋ ಚುಚ್ಚಿದ್ದರು. ಅದರ ಸುತ್ತಲಿನ ತೆನೆಗಳೇ ಎಲ್ಲಕ್ಕಿಂತ ಬಲಿತಿದ್ದವು. 'ನನಗೆಂದೇ ಗುರುತು ಹಾಕಿಟ್ಟಿದ್ದಾನೆ, ಪುಣ್ಯಾತ್ಮ' ಎಂದುಕೊಂಡು ಆ ಮೂಲೆಯನ್ನೇ ಬೋಳಿಸಿ ಬುಟ್ಟಿ ತುಂಬಿದ. ಗೆಲ್ಲನ್ನು ಮಾತ್ರ ಹಾಗೆಯೇ ಬಿಟ್ಟ.

ಇಗರ್ಜಿಯಲ್ಲಿ ಎಲ್ಲ ಚೆನ್ನಾಗಿ ನಡೆಯಿತು. ಮಕ್ಕಳು ಮಾತೆಗೆ ಹೂ ಸುರಿದರು, ಪಾದ್ರಿಗಳು ತೆನೆಯ ಮೇಲೆ ತೀರ್ಥ ಚಿಮುಕಿಸಿದರು, ಮನೆಗಿಷ್ಟೆಂದು ಹಂಚಿಯಾಯಿತು. ಲಿಗೋರಿ ತನ್ನ ಮನೆಯ ಪಾಲನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಗೆ ಬರುವಾಗ, ಶೆಟ್ಟರ ಮನೆಯ ಆಳು ಚನಿಯಪ್ಪ ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದ.

"ಪೊರ್ಬುಗಳೇ, ನೀವು ಬೆಳಿಗ್ಗೆ ಗದ್ದೆಯ ಬದಿಯಿಂದ ಬಂದದ್ದಲ್ಲವಾ? ಅಲ್ಲಿ ಯಾರನ್ನಾದರೂ ನೋಡಿದಿರಾ?"

"ಯಾಕೆ?"

"ಇವತ್ತು ನಮ್ಮಲ್ಲಿ ತೆನೆ ಕಟ್ಟುವುದು. ಮನೆಗೆ ತರುವ ತೆನೆಗೆ ಅಂತ ಅಮ್ಮ ನಿನ್ನೆ ಸಂಜೆ ನನ್ನ ಕೈಯಲ್ಲಿ ಸೊಪ್ಪು ಚುಚ್ಚಿಸಿದ್ದರು. ಒಮ್ಮೆ ಚುಚ್ಚಿದರೆ ಆ ಮೂಲೆಯದೇ ಆಗಬೇಕು, ಬದಲಿ ಇಲ್ಲ. ಹೋಗಿ ನೋಡಿದರೆ ಯಾರೋ ಕತ್ತಿ ಹಾಕಿದ್ದಾರೆ. ದನ ಅಲ್ಲ. ದನ ಅಷ್ಟು ಚಂದಕ್ಕೆ ಕೊಯ್ಯುವುದಿಲ್ಲ. ನಾನು ಸರಿಯಾಗಿ ಚುಚ್ಚಲಿಲ್ಲ ಅಂತ ಅಮ್ಮ ನನಗೇ ಬೈತಾ ಇದ್ದಾರೆ."

ಲಿಗೋರಿಯ ಕಂಕುಳಲ್ಲಿದ್ದ ಟವೆಲು ಭಾರವಾಯಿತು. "ಇಲ್ಲ, ಯಾರನ್ನೂ ನೋಡಲಿಲ್ಲ," ಎಂದ.

ಅದು ನಿಜವೇ ಆಗಿತ್ತು. ಚನಿಯಪ್ಪ ಸೈಕಲ್ ಹತ್ತಿ ಹೋದ ಮೇಲೆ ಆ ನಿಜವನ್ನು ಎಲ್ಲಿಡಬೇಕೆಂದು ಲಿಗೋರಿಗೆ ತಿಳಿಯಲಿಲ್ಲ. ಹಿಂದಕ್ಕೆ ಹೋಗಿ, ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಿದ್ದ ಪಾದ್ರಿಗಳ ಮುಂದೆ ನಿಂತು, ಇದ್ದದ್ದನ್ನೆಲ್ಲ ಹೇಳಿದ.

ಪಾದ್ರಿಗಳು ಬಸಿಯನ್ನು ಕೆಳಗಿಟ್ಟರು. "ನೋಡು, ತೆನೆ ಕೊಯ್ದದ್ದು ತಪ್ಪು. ಯಾರನ್ನೂ ನೋಡಲಿಲ್ಲ ಅಂದದ್ದು ಪಾಪ. ಪಾಪಕ್ಕೆ ಶನಿವಾರ ಪಾಪನಿವೇದನೆಗೆ ಬಾ, ನಾನು ನೋಡಿಕೊಳ್ತೇನೆ. ತಪ್ಪಿಗೆ ನನ್ನಲ್ಲಿ ಮದ್ದಿಲ್ಲ. ಅದಕ್ಕೆ ನೀನೇ ಶೆಟ್ಟರ ಮನೆಗೆ ಹೋಗಬೇಕು."

"ಹಬ್ಬದ ಊಟ ಆಗಿ ಹೋದರೆ ಆಗ್ತದಾ, ಫಾದರ್?"

"ಅಷ್ಟರಲ್ಲಿ ಚನಿಯಪ್ಪನ ಹೊಟ್ಟೆ ಬೈಗುಳದಲ್ಲೇ ತುಂಬ್ತದೆ."

ಲಿಗೋರಿ ಬದುವಿನ ಮೇಲೆ ನಡೆದ. ದೇವರು ನಮ್ಮನ್ನು ಯಾಕೆ ಸೃಷ್ಟಿಸಿದ? ಚಿಕ್ಕಂದಿನ ಜ್ಞಾನೋಪದೇಶದ ಮೊದಲ ಪಾಠದ ಪ್ರಶ್ನೆ ಅದು. ಅವನನ್ನು ಅರಿತು, ಪ್ರೀತಿಸಿ, ಸೇವೆ ಮಾಡುವುದಕ್ಕೆ. ಈ ಉತ್ತರವನ್ನು ಲಿಗೋರಿ ಉಸಿರು ಬಿಡದೆ ಒಪ್ಪಿಸಿ, ಬಹುಮಾನವಾಗಿ ಮಾತೆಯ ಒಂದು ಚಿತ್ರವನ್ನೂ ಪಡೆದಿದ್ದ. ಆ ಸೇವೆ ಹೀಗೆ ಕೆಸರಿನಲ್ಲಿ ಜಾರುತ್ತ, ಮುಂಡಪ್ಪನ ತಾಯಿಯ ಬಾಯಿಗೆ ಸಿಕ್ಕಲು ಹೋಗುವುದೂ ಆಗಬಹುದೆಂದು ಪಾಠದಲ್ಲಿ ಇರಲಿಲ್ಲ. ಅಮ್ಮ ಒಮ್ಮೆ ಅಂಗಳಕ್ಕೆ ಬರಬೇಡ ಎಂದುಬಿಟ್ಟರೆ ಮುಂಡಪ್ಪನೂ ಆ ಮಾತು ದಾಟುವವನಲ್ಲ. ಆಮೇಲೆ ಹೋಟೆಲಿನಲ್ಲಿ ಯಾರ ಎದುರು ಕೂತು ಚಾ ಕುಡಿಯುವುದು?

ಮುಂಡಪ್ಪನ ತಾಯಿ ಕಾಂತಿ ಶೆಡ್ತಿ ಜಗಲಿಯಲ್ಲಿ ಕೂತಿದ್ದರು. ಮುಂಡಪ್ಪ ಕಂಬಕ್ಕೆ ಒರಗಿದ್ದ. ತೆನೆಗೆ ಸುತ್ತುವ ಎಲೆ, ನಾರು ಎಲ್ಲ ಮಣೆಯ ಮೇಲೆ ಸಿದ್ಧವಾಗಿದ್ದವು. ತೆನೆ ಮಾತ್ರ ಇರಲಿಲ್ಲ.

"ಅಮ್ಮಾ, ಚನಿಯಪ್ಪನಿಗೆ ಬೈಬೇಡಿ. ಕೊಯ್ದದ್ದು ನಾನು. ಸೊಪ್ಪು ನನಗೆ ಗುರುತು ಅಂತ ತಿಳಿದೆ." ಟವೆಲನ್ನು ಬಿಚ್ಚಿ ಮುಂದೆ ಚಾಚಿದ. "ಹೆಚ್ಚಿನದ್ದು ಹಂಚಿ ಹೋಯಿತು. ಇಷ್ಟು ಉಂಟು."

ಶೆಡ್ತಿ ತೆನೆಯನ್ನು ಮುಟ್ಟಲಿಲ್ಲ. ಮಗನ ಮುಖ ನೋಡಿದರು. "ನಿನಗೆ ಗೊತ್ತಿತ್ತು."

"ಅಂದಾಜು ಇತ್ತು," ಎಂದ ಮುಂಡಪ್ಪ, ಕಂಬದ ಕಡೆಗೆ ತಿರುಗಿ.

"ಇದಕ್ಕೆ ಇಗರ್ಜಿಯಲ್ಲಿ ಏನು ಮಾಡಿದ್ರು?" ಎಂದು ಶೆಡ್ತಿ ಲಿಗೋರಿಯನ್ನು ಕೇಳಿದರು.

"ಪ್ರಾರ್ಥನೆ ಮಾಡಿ ತೀರ್ಥ ಹಾಕಿದ್ರು. ಇವತ್ತು ನಮ್ಮ ಮಾತೆ ಹುಟ್ಟಿದ ದಿನ."

"ಮಾತೆ ಅಂದರೆ, ಹೆಣ್ಣು ಮಗು ಹುಟ್ಟಿದ್ದು?"

"ಹೌದಮ್ಮ."

ಅವರು ಟವೆಲಿನಿಂದ ಒಂದು ತೆನೆಯನ್ನು ಎತ್ತಿ ನೋಡಿದರು. ಹೆಣ್ಣಿನಿಂದಲೇ ಕುಟುಂಬ ಮುಂದುವರಿಯುವ ಮನೆ ಅದು; ಅವರ ಮಗಳಿಗೋ ಮೂರೂ ಗಂಡು.

"ಹೆಣ್ಣು ಹುಟ್ಟಿದ ಮನೆಗೆ ಹೋಗಿ ಬಂದ ತೆನೆ," ಎಂದರು ಕೊನೆಗೆ. "ಅದರಿಂದ ಕೆಟ್ಟದ್ದು ಆಗಲಿಕ್ಕಿಲ್ಲ. ಮುಂಡಪ್ಪ, ಕೈಕಾಲು ತೊಳೆದು ಬಾ. ಚನಿಯಪ್ಪ, ನಾರು ಕೊಡು. ಇನ್ನು ಮುಖ ಊದಿಸಬೇಡ, ಬೈದದ್ದು ವಾಪಸ್ ತೆಗೊಂಡಿದ್ದೇನೆ." ಮತ್ತೆ ಲಿಗೋರಿಯತ್ತ ತಿರುಗಿದರು. "ನಿನ್ನ ಮನೆಗೆ ಬೇರೆ ಉಂಟಲ್ಲ?"

"ಉಂಟಮ್ಮ," ಎಂದ ಲಿಗೋರಿ. ಶನಿವಾರದ ಗಂಟಿಗೆ ಇನ್ನೊಂದು ಪಾಪ ಸೇರಿತು.

ಮನೆಯಲ್ಲಿ ಹೆಂಡತಿ ಸೆವ್ರಿನ್ ಬಾಳೆಲೆ ಹಾಸಿ ಕಾಯುತ್ತಿದ್ದಳು. ಹೊಸ ಅಕ್ಕಿಯ ಕಾಳು ಬೀಳಬೇಕಾಗಿದ್ದ ತೆಂಗಿನ ಹಾಲಿನ ಪಾಯಸ ಪಾತ್ರೆಯಲ್ಲಿ ತಣಿಯುತ್ತಿತ್ತು. ನಡೆದದ್ದನ್ನು ಕೇಳಿ ಅವಳು ಹೇಳಿದ್ದು ಇಷ್ಟೆ: "ಊರಿಗೆಲ್ಲ ಹೊಸ ಅಕ್ಕಿ ತಿನ್ನಿಸಿದ ಗುರ್ಕಾರ್ರು ನೀವು. ನಮಗೆ ರೇಷನ್ನಿನದ್ದೇ ಗತಿ."

ಪ್ರಾರ್ಥನೆಗೆ ಎದ್ದು ನಿಲ್ಲುವಾಗ ಅಂಗಳದಲ್ಲಿ ಕೆಮ್ಮು ಕೇಳಿಸಿತು. ಪ್ರತಿ ವರ್ಷ ಊಟಕ್ಕೆ ಬರುವ ಮುಂಡಪ್ಪ ಈ ವರ್ಷವೂ ಬಂದಿದ್ದ. ಚಪ್ಪಲಿ ಬಿಟ್ಟು ಒಳಗೆ ಬಂದವನು ಅಂಗಿಯ ಕಿಸೆಯಿಂದ ವೀಳ್ಯದೆಲೆಯ ಸಣ್ಣ ಪೊಟ್ಟಣ ತೆಗೆದು ಸೆವ್ರಿನಳ ಕೈಗೆ ಕೊಟ್ಟ. ಬಿಚ್ಚಿದರೆ ಭತ್ತದ ನಾಲ್ಕು ಕಾಳು.

"ಕಟ್ಟುವಾಗ ತೆನೆಯಿಂದ ಉದುರಿಸಿದ್ದು," ಎಂದ. "ನೀನು 'ಉಂಟು' ಅಂದಾಗಲೇ ನನಗೆ ಗೊತ್ತಾಯಿತು. ಸುಳ್ಳು ಹೇಳುವಾಗ ನಿನ್ನ ಕಿವಿ ಕೆಂಪಾಗುವುದು ಶಾಲೆಯಿಂದಲೂ ಉಂಟು."

"ಅಮ್ಮನಿಗೆ ಗೊತ್ತುಂಟಾ?"

"ಗೊತ್ತಾದರೆ ನಾನು ಇಲ್ಲಿ ಬಂದು ನಿಲ್ತಿದ್ದೆನಾ, ಮಾರಾಯ? ಮನೆಯ ತೆನೆಯಿಂದ ಕಾಳು ಕದ್ದವನು ನಾನು."

ಸೆವ್ರಿನ್ ಕಾಳುಗಳನ್ನು ಉಗುರಿನಲ್ಲಿ ಸುಲಿದು, ಅರೆದು, ಪಾಯಸಕ್ಕೆ ಹಾಕಿ ಕಲಸಿದಳು. ಲಿಗೋರಿ ಗೆಳೆಯನ ಎಲೆಯನ್ನು ತನ್ನ ಎಲೆಯ ಪಕ್ಕಕ್ಕೆ ಎಳೆದ.

"ಹಾಗಾದರೆ ನೀನೂ ನನ್ನ ಹಾಗೆ ಕದ್ದವನು. ಈಗ ಇಬ್ಬರೂ ಸಮ."

"ಎಲ್ಲಿ ಸಮ?" ಮುಂಡಪ್ಪ ಕೂತು, ಪಾಯಸಕ್ಕೆ ಕೈ ಒಡ್ಡಿದ. "ನಿನಗೆ ಶನಿವಾರ ಉಂಟು. ನನಗೆ ಅಮ್ಮ ಮಾತ್ರ ಇರುವುದು."