ಅಡಿಯಿಂದ ಮೇಲಕ್ಕೆ

ಟೀ ಕಪ್ಪಿನ ಕಿವಿ, ಅಲ್ಲ, ಹಿಡಿ, ಕಿವಿ ಅಂದದ್ದು ಅತ್ತೆ, ಅವರ ಮಗ, ನನ್ನ ಗಂಡ, ಕಾಲೇಜಿನ ಕೆಲಸ ಬಿಟ್ಟು ಚಿತ್ರ ಬರೆಯಲು ಕುಳಿತ ಮೊದಲ ವಾರವೇ, ಕಪ್ಪಿಗೆ ನಾಯಿ ಕಿವಿ ಯಾಕೋ ಅಂಟಿಸಿದೀಯ ಅಂತ, ಆ ನಾಯಿ ಕಿವಿಯ ಪುಟ ಈಗ ಗಾಜಿನ ಪೆಟ್ಟಿಗೆಯೊಳಗಿದೆ, ಕೆಳಗೆ ಅಚ್ಚಾದ ಚೀಟಿ: ಕಾಯಿಲೆಯಿಂದ ಕೈ ಸೋತ ಕೊನೆಯ ದಿನಗಳು — ನಗಬೇಕೋ ಅಳಬೇಕೋ, ಅವನು ಹೋದ ಎಂಟು ತಿಂಗಳಿಂದ ಎರಡೂ ಬಂದಿಲ್ಲ. ಸಂಗ್ರಹಾಲಯದ ಅಧಿಕಾರಿ ಮೆತ್ತಗೆ ಹೇಳುತ್ತಾರೆ, ನಿಮಗೆ ನೋವಾಗುತ್ತೆ ಮೇಡಂ, ಆದ್ರೆ ಗೆರೆ ಹದಗೆಡ್ತಾ ಹೋಗಿದೆ, ನಲವತ್ತೊಂದು ಚಿತ್ರದ ಪುಸ್ತಕಾನೂ ರಾಶಿಯ ಮೇಲಿಂದ ಒಂದು, ಎರಡು ಅಂತ ಎಣಿಸಿದೀವಿ. ಮೇಲಿಂದ. ಕಲ್ಲಿನ ಪದರಗಳನ್ನು ಹದಿನಾಲ್ಕು ವರ್ಷ ಪಾಠ ಮಾಡಿದವನ ರಾಶಿಯನ್ನು ಮೇಲಿಂದ, ಹಳೇದು ಅಡಿಗೆ ಹೊಸದು ಮೇಲೆ ಕಣೇ, ಭೂಮಿ ಬರೆಯೋದೇ ಹಾಗೆ, ಎನ್ನುತ್ತ ಪ್ರತಿ ಪುಸ್ತಕವನ್ನೂ ಕೊನೆಯ ಪುಟದಿಂದ ಶುರುಮಾಡುತ್ತಿದ್ದ, ಮುಗಿದದ್ದನ್ನು ರಾಶಿಯ ಮೇಲಿಡುತ್ತಿದ್ದ, ತಾರೀಖು ಹಾಕು ಅಂದರೆ ಕಲ್ಲಿಗೆ ಯಾರು ಹಾಕ್ತಾರೆ ಅನ್ನುತ್ತಿದ್ದ. ಇದನ್ನೆಲ್ಲ ಹೇಳಿದೆ, ತಲೆಯಾಡಿಸಿದರು, ಗಂಡ ಸತ್ತವಳ ಮಾತಿಗೆ ಆಡುವ ತಲೆಯೇ ಬೇರೆ, ಪುರಾವೆ ಏನಾದ್ರೂ ಇದ್ರೆ ನೋಡೋಣ ಮೇಡಂ. ಪುರಾವೆ ನನ್ನ ಚೀಲದಲ್ಲೇ ಇದೆ, ಟವೆಲಿನಲ್ಲಿ ಸುತ್ತಿದ, ಅವನು ಪುಸ್ತಕದಿಂದ ಪುಸ್ತಕಕ್ಕೆ ಬರೆದ ಅದೇ ಕಪ್ಪು, ಬೇರೆಯದರಲ್ಲಿ ಟೀ ಗಂಟಲಿಗಿಳಿಯದು, ಹೊತ್ತು ತಿರುಗ್ತಾಳೆ ಎಂದು ಅತ್ತೆ ಗೊಣಗುತ್ತಾರೆ — ಅವನ ಕಾಯಿಲೆಯ ರಿಪೋರ್ಟ್ ಬಂದ ದಿನ ನನ್ನ ಕೈಜಾರಿ ಬಿದ್ದು ಉಗುರಿನಷ್ಟು ಅಂಚು ಹಾರಿತ್ತು, ಬಿಸಾಡಬೇಡ, ಈಗಲೇ ಚೆನ್ನಾಗಿದೆ ಅಂದಿದ್ದ. ಪೆಟ್ಟಿಗೆಯ ಮೇಲಿಟ್ಟೆ. ನಾಯಿ ಕಿವಿಯ ಕಪ್ಪಿನ ಅಂಚು ಇಡಿಯಾಗಿದೆ, ಪಕ್ಕದಲ್ಲೇ ತೆರೆದಿಟ್ಟ, ಅವರು ಒಂದನೇ ನಂಬರು ಕೊಟ್ಟ ಪುಸ್ತಕದಲ್ಲಿ ಒಡೆದಿದೆ. ಒಡೆದದ್ದು ಕೂಡಿಕೊಳ್ಳುತ್ತಾ ಸಾರ್, ಯಾರದೋ ದನಿ, ಗಟ್ಟಿ, ನನ್ನದೇ. ಕನ್ನಡಕ ತೆಗೆದರು, ಒರೆಸಿದರು, ಕಪ್ಪು ನೋಡಿದರು, ಪುಟ ನೋಡಿದರು, ಬೀಗ ತೆಗೆದು ಚೀಟಿಯನ್ನು ತಾವೇ ಕಿತ್ತರು, ನಲವತ್ತೊಂದನ್ನೂ ತಿರುಗಿಸಬೇಕಲ್ಲ ಮೇಡಂ, ತಿರುಗಿಸಿ ಅಂದೆ, ಇಲ್ಲಿ ಏನಂತ ಬರೀಲಿ, ಮೊದಲ ವಾರ ಅಂತ ಬರೀರಿ, ಕೊನೇದಕ್ಕೆ ಅಂದರು, ಕೊನೇದಕ್ಕೆ ಕಲಿತ ಅಂತ — ಕಲಿತ, ಹೌದು, ಈ ವಯಸ್ಸಲ್ಲಿ ಕೈ ಬಗ್ಗುತ್ತಾ ಎಂದು ನಕ್ಕ ಸಹೋದ್ಯೋಗಿಗಳು ನಾಳೆ ಬಂದು ಸಾಲಾಗಿ ನಿಂತು ಓದಲಿ, ಅತ್ತೆಯೂ ಓದಲಿ, ಎಲ್ಲಕ್ಕಿಂತ ಮೇಲಿನ ಪುಟ, ಆಸ್ಪತ್ರೆಯ ಹಾಸಿಗೆ, ಕೈಯಲ್ಲಿ ಸೂಜಿ, ಪೆನ್ಸಿಲ್ ಒಮ್ಮೆಯೂ ಎತ್ತಲಿಲ್ಲ, ನಾನು ಉಸಿರು ಹಿಡಿದು ನೋಡುತ್ತಿದ್ದೇನೆ, ಹಿಡಿ ಒಂದೇ ಗೆರೆ, ಅಲ್ಲಿಂದ ಅಂಚಿಗೆ, ಅಂಚಿನಗುಂಟ, ಒಡೆದ ಕಡೆ ತಡವರಿಸದೆ ಇಳಿದು, ಏರಿ, ಮುಂದಕ್ಕೆ — ಇಳಿದು, ಏರಿ — ಆ ಒಡೆದ ಅಂಚು, ಉಗುರಿನಷ್ಟು